ಮನೆಯೊಳಗಿನ ಆಮೆಗೆ ಎಂಥ ನೆಲಹಾಸು? ಕೆಮ್ಮಣ್ಣು, ಕೋಕೋಪೀಟ್‌ನ ಕಡಿಮೆ ಖರ್ಚಿನ ಲೆಕ್ಕ ಇಲ್ಲಿದೆ

ಹೈದರಾಬಾದ್: ವಿಟ್ರಿಫೈಡ್ ಟೈಲ್ಸ್ ಮೇಲೆ ಆಮೆ ನಡೆಯುವಾಗ ಒಂದು ಸಣ್ಣ ಸದ್ದು ಬರುತ್ತದೆ. ಅದು ಹೆಜ್ಜೆಯ ಸದ್ದಲ್ಲ, ಉಗುರು ಜಾರುವ ಸದ್ದು. ಫ್ಲಾಟ್‌ನಲ್ಲಿ ಆಮೆ ಸಾಕಿದವರಿಗೆ ಈ ಸದ್ದು ಎಷ್ಟು ಅಭ್ಯಾಸವಾಗಿರುತ್ತದೆ ಎಂದರೆ, ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಹಿಡಿತವಿಲ್ಲದ ನೆಲದಲ್ಲಿ ಬೆಳೆಯುವ ಮರಿಯ ಕಾಲುಗಳು ಪಕ್ಕಕ್ಕೆ ಚಾಚಿಕೊಳ್ಳುತ್ತವೆ, ದೇಹದ ಭಾರ ಹೊರುವ ರೀತಿಯೇ ಬದಲಾಗುತ್ತದೆ. ಅಗೆಯಲು ಮಣ್ಣಿಲ್ಲದ ಆಮೆ ಮೂಲೆಗೆ ಹೋಗಿ ಗಂಟೆಗಟ್ಟಲೆ ಗೋಡೆ ಕೆರೆಯುತ್ತದೆ. ಚಿಪ್ಪು ಉಬ್ಬುಬ್ಬಾಗಿ ಬೆಳೆದ ಮೇಲೆ ವೈದ್ಯರ ಬಳಿ ಓಡಿದರೆ, ಆ ಉಬ್ಬುಗಳು ಮತ್ತೆ ಸಮವಾಗುವುದಿಲ್ಲ.

ಹಾಗಾಗಿ ದೊಡ್ಡ ಗೂಡು ಕಟ್ಟಿಸುವ ಮೊದಲು ಅದರೊಳಗೆ ಏನು ಹಾಸಬೇಕು ಎಂಬುದನ್ನು ತೀರ್ಮಾನಿಸಬೇಕು. ಇಂಗ್ಲಿಷ್‌ನಲ್ಲಿ ಇದಕ್ಕೆ ಸಬ್‌ಸ್ಟ್ರೇಟ್ ಎನ್ನುತ್ತಾರೆ, ನಾವು ಇಲ್ಲಿ ಹಾಸು ಎಂದೇ ಕರೆಯೋಣ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಣ್ಣ ಸಣ್ಣ ಪ್ಯಾಕೆಟ್‌ಗಳಲ್ಲಿ ಸಿಗುವ ಹಾಸನ್ನು ತಂದು ಎಂಟು ಅಡಿ ಉದ್ದದ ಗೂಡು ತುಂಬಿಸಲು ಹೊರಟರೆ ಜೇಬು ಖಾಲಿಯಾಗುತ್ತದೆ. ಹೈದರಾಬಾದ್‌ನಂಥ ಊರಿನಲ್ಲಿ ಅದರ ಅಗತ್ಯವೂ ಇಲ್ಲ. ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ನಗರದ ಅಂಚಿನ ನರ್ಸರಿಯಲ್ಲೇ ಇದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ, ನಿಮ್ಮ ಮನೆಯಲ್ಲಿರುವುದು ಯಾವ ಆಮೆ?: ಚಿಪ್ಪಿನ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನಕ್ಷತ್ರ ಆಮೆ. ಹಾಗಿದ್ದರೆ ಈ ಲೇಖನದ ಲೆಕ್ಕಾಚಾರ ನಿಮಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಮೊದಲನೇ ಅನುಸೂಚಿಯಲ್ಲಿದೆ. ಆ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಮೇಲೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಮಾವೇಶದಲ್ಲಿ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೂ ಬಾಗಿಲು ಮುಚ್ಚಲಾಯಿತು.

ಮನೆಗೆ ಅದೃಷ್ಟ ಬರುತ್ತದೆ, ವಾಸ್ತು ಸರಿಯಾಗುತ್ತದೆ ಎಂಬ ನಂಬಿಕೆಯಿಂದ ತಂದವರು ಬಹಳ ಜನ. ಸುದ್ದಿಮನೆಯಲ್ಲಿ ಕೂತವರಿಗೆ 'ವಿಮಾನ ನಿಲ್ದಾಣದಲ್ಲಿ ನಕ್ಷತ್ರ ಆಮೆಗಳ ವಶ' ಎಂಬ ಶೀರ್ಷಿಕೆ ಹೊಸದೇನೂ ಅಲ್ಲ. ಸೂಟ್‌ಕೇಸಿನೊಳಗೆ ಒಂದರ ಮೇಲೊಂದು ಪೇರಿಸಿದ ಮರಿಗಳ ಫೋಟೋ ಪ್ರತಿ ಬಾರಿಯೂ ಒಂದೇ ಥರ ಇರುತ್ತದೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ಮರಳಿ ಬಂದು ಕರ್ನಾಟಕ ಅರಣ್ಯ ಇಲಾಖೆಯ ಆರೈಕೆ ಸೇರಿದ್ದು ಹಲವರಿಗೆ ನೆನಪಿರಬಹುದು. ನಿಮ್ಮಲ್ಲಿ ನಕ್ಷತ್ರ ಆಮೆ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಪಾಪ ಎಂದು ನೀವೇ ತೆಗೆದುಕೊಂಡು ಹೋಗಿ ಯಾವುದೋ ಗುಡ್ಡದಲ್ಲಿ ಬಿಡಬೇಡಿ. ಮನೆಯಲ್ಲಿದ್ದ ಆಮೆ ಕಾಡಿನ ಆಮೆಗಳಿಗೆ ರೋಗ ಹೊತ್ತೊಯ್ಯಬಹುದು. ಒಂದು ಪ್ರದೇಶದ ಆಮೆ ಇನ್ನೊಂದು ಪ್ರದೇಶದ ತಳಿಯೊಂದಿಗೆ ಬೆರೆಯುವ ಅಪಾಯವೂ ಇದೆ. ಕಳ್ಳಸಾಗಣೆಯಾಗಿ ಮರಳಿದ ನಕ್ಷತ್ರ ಆಮೆಗಳು ಮೂಲತಃ ಯಾವ ಕಡೆಯವು ಎಂದು ಪತ್ತೆ ಹಚ್ಚಲು ಇದೇ ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳು ಡಿಎನ್ಎ ಪರೀಕ್ಷೆ ನಡೆಸಿ 2006ರಲ್ಲಿ ಅಧ್ಯಯನ ಪ್ರಕಟಿಸಿದ್ದರು.

ಇನ್ನು ಉಳಿದವು ವಿದೇಶಿ ಆಮೆಗಳು. ನಮ್ಮ ನಗರಗಳ ಮನೆಗಳಲ್ಲಿ ಕಾಣುವುದು ಮುಖ್ಯವಾಗಿ ಆಫ್ರಿಕಾದ ಸುಲ್ಕಾಟಾ ಮತ್ತು ದಕ್ಷಿಣ ಅಮೆರಿಕದ ಕೆಂಪು ಕಾಲಿನ ಆಮೆ. ಇವೆರಡೂ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದಂತೆ ಇಂಥ ಪ್ರಾಣಿ ಸಾಕಿದವರು ಪರಿವೇಶ್ 2.0 ಪೋರ್ಟಲ್ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಬಳಿ ನೋಂದಣಿ ಮಾಡಿಸಬೇಕು. ಹೊಸದಾಗಿ ತಂದವರಿಗೆ 30 ದಿನಗಳ ಗಡುವು. ಕಾಗದಪತ್ರ ಕೊಡದ ಮಾರಾಟಗಾರರಿಂದ ಆಮೆ ಕೊಳ್ಳಬೇಡಿ. ಇದು ಹಾಸಿನ ಖರ್ಚಿಗಿಂತ ದೊಡ್ಡ ಖರ್ಚನ್ನು ಉಳಿಸುವ ಮಾತು.

ಒಣಗಿದರೂ ಕಷ್ಟ, ನೆನೆದರೂ ಕಷ್ಟ: ಆಮೆಯ ಹಾಸು ಒಂದೇ ಹೊತ್ತಿಗೆ ಮೂರು ಕೆಲಸ ಮಾಡುತ್ತದೆ. ಕಾಲಿಗೆ ಹಿಡಿತ ಕೊಡುತ್ತದೆ, ಅಗೆಯಲು ಜಾಗ ಕೊಡುತ್ತದೆ, ತೇವಾಂಶವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಮೊದಲೆರಡು ಎಲ್ಲರಿಗೂ ಅರ್ಥವಾಗುತ್ತವೆ, ಮೂರನೆಯದನ್ನು ಮರೆಯುವವರೇ ಹೆಚ್ಚು.

ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ. ಹಾಗಾಗಿ ಅದಕ್ಕೆ ಒಣ ಮರಳು ಸಾಕು ಎಂಬ ನಂಬಿಕೆ ಬಹಳ ಕಾಲ ಇತ್ತು. ಚಿಪ್ಪಿನ ಫಲಕಗಳು ಪಿರಮಿಡ್‌ನಂತೆ ಮೇಲೇಳುವುದಕ್ಕೆ ಆಹಾರದಲ್ಲಿನ ಹೆಚ್ಚು ಪ್ರೋಟೀನ್ ಕಾರಣ ಎನ್ನುತ್ತಿದ್ದರು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಸುಲ್ಕಾಟಾ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ಈ ಲೆಕ್ಕವನ್ನು ತಿರುಗಿಸಿತು. ಪ್ರೋಟೀನ್‌ನ ಪ್ರಭಾವ ಅಲ್ಪ, ಒಣ ಗಾಳಿಯಲ್ಲಿ ಬೆಳೆದ ಮರಿಗಳಲ್ಲೇ ಉಬ್ಬು ಹೆಚ್ಚು ಎಂದು ಅದು ತೋರಿಸಿತು. ಮರುಭೂಮಿಯ ಪ್ರಾಣಿಯಾದರೂ ಸುಲ್ಕಾಟಾ ದಿನದ ಬಹುಭಾಗ ಕಳೆಯುವುದು ತಾನೇ ತೋಡಿಕೊಂಡ ಬಿಲದಲ್ಲಿ. ಆ ಬಿಲದೊಳಗಿನ ಮಣ್ಣು ಮೇಲಿನ ಮಣ್ಣಿನಷ್ಟು ಒಣಗಿರುವುದಿಲ್ಲ. ನಮ್ಮ ಫ್ಲಾಟ್‌ನ ಗೂಡಿನಲ್ಲಿ ಬಿಲವಿಲ್ಲ, ಮೇಲೆ ಬಿಸಿ ದೀಪ, ಪಕ್ಕದಲ್ಲಿ ಎಸಿ. ಮರುಭೂಮಿಗಿಂತ ಒಣ ಜಾಗವನ್ನು ನಾವೇ ಸೃಷ್ಟಿಸಿರುತ್ತೇವೆ.

ಹಾಗೆಂದು ನೀರು ಸುರಿದು ಕೆಸರು ಮಾಡಿದರೆ ಇನ್ನೊಂದು ಪೀಡೆ. ಸದಾ ಒದ್ದೆಯಾದ ನೆಲದ ಮೇಲೆ ಕೂತರೆ ಹೊಟ್ಟೆಯ ಕಡೆಯ ಚಿಪ್ಪು ಮೆದುವಾಗಿ ಕೊಳೆಯತೊಡಗುತ್ತದೆ. ಒದ್ದೆಯ ಜೊತೆ ಚಳಿಯೂ ಸೇರಿದರೆ ಉಸಿರಾಟದ ಸೋಂಕು. ಆದ್ದರಿಂದ ಬೇಕಾಗಿರುವುದು ಕೆಳಗೆ ತೇವ, ಮೇಲೆ ಹೆಚ್ಚುಕಡಿಮೆ ಒಣ ಇರುವ, ಒತ್ತಿದರೆ ಸ್ವಲ್ಪ ಗಟ್ಟಿಯಾಗುವ ಹಾಸು. ಇದಕ್ಕೆ ದಪ್ಪ ಬೇಕು. ಒಂದು ಇಂಚಿನ ಹಾಸಿನಲ್ಲಿ ಮೇಲೆ ಕೆಳಗೆ ಎಂಬ ಭೇದವೇ ಇರುವುದಿಲ್ಲ. ಕನಿಷ್ಠ ನಾಲ್ಕು ಇಂಚು ಹಾಕಿ. ಮರಿಯಾದರೆ ಅದರ ಚಿಪ್ಪು ಪೂರ್ತಿ ಹೂತುಕೊಳ್ಳುವಷ್ಟು ಒಂದು ಮೂಲೆಯಲ್ಲಾದರೂ ಇರಲಿ.

ಎಷ್ಟು ಬೇಕು? ಅಕ್ಕಿ ಚೀಲದ ಲೆಕ್ಕ: ದೊಡ್ಡ ಗೂಡನ್ನು ಪ್ಲೈವುಡ್‌ನಲ್ಲಿ ಮಾಡಿಸುವವರು ಸಾಮಾನ್ಯವಾಗಿ ಒಂದು ಪೂರ್ತಿ ಹಾಳೆಯನ್ನೇ ತಳಕ್ಕೆ ಬಳಸುತ್ತಾರೆ. ಅಂದರೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ನಾಲ್ಕು ಇಂಚು ದಪ್ಪಕ್ಕೆ ಇದರಲ್ಲಿ ಸುಮಾರು ಹತ್ತೂವರೆ ಘನ ಅಡಿ ಹಾಸು ಹಿಡಿಯುತ್ತದೆ, ಲೀಟರ್‌ನಲ್ಲಿ ಹೇಳಿದರೆ 300. ಆರು ಇಂಚು ಹಾಕಿದರೆ 450 ಲೀಟರ್. ಮನೆಯಲ್ಲಿ 25 ಕೆಜಿಯ ಖಾಲಿ ಅಕ್ಕಿ ಚೀಲ ಇದ್ದೇ ಇರುತ್ತದೆ, ಅದರಲ್ಲಿ ಸುಮಾರು 30 ಲೀಟರ್ ತುಂಬುತ್ತದೆ. ಅಂದರೆ ನಾಲ್ಕು ಇಂಚಿಗೆ ಹತ್ತು ಚೀಲ. (ಸಿಮೆಂಟ್ ಚೀಲ ಮಾತ್ರ ಬೇಡ. ಎಷ್ಟೇ ಕೊಡವಿದರೂ ಅದರಲ್ಲಿ ಪುಡಿ ಉಳಿದಿರುತ್ತದೆ, ಒದ್ದೆಯಾದರೆ ಚರ್ಮ, ಕಣ್ಣು ಸುಡುತ್ತದೆ.)

ಬೆಲೆಯನ್ನು ಕೆಜಿಗೆ ಎಷ್ಟು ಎಂದು ಹೋಲಿಸಬೇಡಿ, ಹಾಸಿದಾಗ ಸಿಗುವ ಲೀಟರ್‌ಗೆ ಎಷ್ಟು ಎಂದು ಹೋಲಿಸಿ. ಉದಾಹರಣೆಗೆ ಒತ್ತಿ ಒಣಗಿಸಿದ ಕೋಕೋಪೀಟ್ ಇಟ್ಟಿಗೆ. ಐದು ಕೆಜಿಯ ದೊಡ್ಡ ಇಟ್ಟಿಗೆ ನೀರು ಕುಡಿದು ಅರಳಿದಾಗ ಸುಮಾರು 65 ಲೀಟರ್ ಆಗುತ್ತದೆ. 650 ಗ್ರಾಂನ ಚಿಕ್ಕ ಇಟ್ಟಿಗೆ ಎಂಟರಿಂದ ಒಂಬತ್ತು ಲೀಟರ್. ದೊಡ್ಡದಕ್ಕೆ 300 ರೂಪಾಯಿ, ಆಮೆಯ ಚಿತ್ರವಿರುವ ಪ್ಯಾಕೆಟ್‌ನ ಚಿಕ್ಕದಕ್ಕೆ 200 ರೂಪಾಯಿ ಎಂದುಕೊಳ್ಳೋಣ. ಮೊದಲನೆಯದು ಲೀಟರ್‌ಗೆ ಐದು ರೂಪಾಯಿಯೊಳಗೆ, ಎರಡನೆಯದು 23 ರೂಪಾಯಿ ಆಸುಪಾಸು. ಇಡೀ ಗೂಡನ್ನು ಚಿಕ್ಕ ಪ್ಯಾಕೆಟ್‌ಗಳಿಂದ ತುಂಬಿಸಲು 35 ಇಟ್ಟಿಗೆ, 7 ಸಾವಿರ ರೂಪಾಯಿ. ಒಳಗಿರುವ ವಸ್ತು ಎರಡರಲ್ಲೂ ತೆಂಗಿನ ನಾರಿನ ಪುಡಿಯೇ. ನಿಮ್ಮ ಅಂಗಡಿಯ ದರ ಬೇರೆ ಇರಬಹುದು, ಲೆಕ್ಕ ಹಾಕುವ ಕ್ರಮ ಇದೇ.

ಫ್ಲಾಟ್‌ನವರು ಇನ್ನೊಂದು ಲೆಕ್ಕ ಹಾಕಲೇಬೇಕು, ಅದು ತೂಕದ್ದು. ತೇವದ ಮಣ್ಣು ಲೀಟರ್‌ಗೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ. 300 ಲೀಟರ್ ಎಂದರೆ 450 ಕೆಜಿ! ಮನೆಯ ಕೋಣೆಗಳ ನೆಲ ಚದರ ಮೀಟರ್‌ಗೆ ಸುಮಾರು 200 ಕೆಜಿ ಭಾರ ತಡೆಯುವಂತೆ ವಿನ್ಯಾಸವಾಗಬೇಕು ಎನ್ನುತ್ತದೆ ಐಎಸ್ 875 ಎಂಬ ಭಾರತೀಯ ಮಾನದಂಡ. ಎಂಟಕ್ಕೆ ನಾಲ್ಕು ಅಡಿಯ ಗೂಡು ಸುಮಾರು ಮೂರು ಚದರ ಮೀಟರ್. ಬರೀ ಮಣ್ಣನ್ನು ನಾಲ್ಕು ಇಂಚು ಹಾಕಿದರೆ ಚದರ ಮೀಟರ್‌ಗೆ 150 ಕೆಜಿ, ಗೂಡಿನ ಮರದ ತೂಕ ಬೇರೆ. ಆರು ಇಂಚು ಹಾಕಿದರೆ 225 ಕೆಜಿ ದಾಟುತ್ತದೆ. ಅರ್ಧ ಮಣ್ಣು, ಅರ್ಧ ಕೋಕೋಪೀಟ್ ಬೆರೆಸಿದರೆ ತೂಕ ಲೀಟರ್‌ಗೆ ಒಂದು ಕೆಜಿಗೆ ಇಳಿಯುತ್ತದೆ. ಕೋಕೋಪೀಟ್ ಬೆರೆಸುವುದಕ್ಕೆ ತೇವಾಂಶದಷ್ಟೇ ಮುಖ್ಯ ಕಾರಣ ಇದು. ಹಳೆಯ ಕಟ್ಟಡವಾದರೆ ಗೂಡನ್ನು ಕೋಣೆಯ ನಟ್ಟನಡುವೆ ಇಡದೆ ಗೋಡೆಗೆ ಒತ್ತಿ ಇಡಿ, ಅನುಮಾನವಿದ್ದರೆ ಎಂಜಿನಿಯರ್ ಒಬ್ಬರನ್ನು ಕೇಳಿ.

ಕೆಮ್ಮಣ್ಣು, ಎಲ್ಲಕ್ಕಿಂತ ಅಗ್ಗ: ಹೈದರಾಬಾದ್ ಸುತ್ತ ಕೆಂಪು ಮಣ್ಣಿಗೆ ಬರವಿಲ್ಲ. ನರ್ಸರಿಗೆ ಹೋಗಿ ತೆಲುಗಿನಲ್ಲಿ 'ಎರ್ರ ಮಟ್ಟಿ' ಎಂದು ಕೇಳಿದರೆ ಚೀಲದ ಲೆಕ್ಕದಲ್ಲಿ ಕೊಡುತ್ತಾರೆ. ಜೊತೆಗೆ 'ಎರುವು ವದ್ದು' ಎಂದು ಸೇರಿಸಿ, ಗೊಬ್ಬರ ಬೇಡ ಎಂದರ್ಥ. ಏಕೆಂದರೆ ನರ್ಸರಿಯಲ್ಲಿ ಕುಂಡಕ್ಕೆಂದು ಸಿದ್ಧ ಮಾಡಿಟ್ಟ ಮಿಶ್ರಣದಲ್ಲಿ ಸಗಣಿ ಗೊಬ್ಬರ, ಬೇವಿನ ಹಿಂಡಿ, ಕೆಲವೊಮ್ಮೆ ರಾಸಾಯನಿಕ ಗೊಬ್ಬರದ ಕಾಳು, ಕೀಟನಾಶಕದ ಹರಳು ಕೂಡ ಇರುತ್ತವೆ. ಬಿಳಿ ಬಿಳಿ ಹಗುರ ಚೂರುಗಳು ಕಂಡರೆ ಅದು ಪರ್ಲೈಟ್. ಗಿಡಕ್ಕೆ ಒಳ್ಳೆಯದು, ಆದರೆ ಆಮೆ ತಿಂಡಿ ಎಂದುಕೊಂಡು ನುಂಗುತ್ತದೆ. ಆದ್ದರಿಂದ ಏನೂ ಬೆರೆಸದ ಬರಿ ಮಣ್ಣನ್ನೇ ತನ್ನಿ.

ಮನೆ ಪಕ್ಕದ ಕಟ್ಟಡ ಕಾಮಗಾರಿಯ ಗುಂಡಿಯಿಂದ ಪುಕ್ಕಟೆ ಮಣ್ಣು ತರುವ ಆಸೆ ಯಾರಿಗಾದರೂ ಆಗುತ್ತದೆ. ಅದರಲ್ಲಿ ಸಿಮೆಂಟ್, ಸುಣ್ಣ, ಗಾಜಿನ ಚೂರು, ಬೈಂಡಿಂಗ್ ತಂತಿ, ಮೊಳೆ ಇರುತ್ತವೆ. ಕೆರೆಯಂಗಳದ ಮಣ್ಣೂ ಬೇಡ, ನಗರದ ಕೆರೆಗಳಿಗೆ ಏನೇನು ಹರಿದು ಬರುತ್ತದೆ ಎಂಬುದನ್ನು ವಿವರಿಸುವ ಅಗತ್ಯವಿಲ್ಲ. ಎರೆಮಣ್ಣು ಅಂದರೆ ಕರಿಮಣ್ಣು ಒದ್ದೆಯಾದರೆ ಅಂಟಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕಲಬುರಗಿ, ಬೀದರ್ ಕಡೆಯಿಂದ ಬಂದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ತಂದ ಕೆಮ್ಮಣ್ಣನ್ನು ನೇರವಾಗಿ ಗೂಡಿಗೆ ಸುರಿಯಬೇಡಿ. ಜರಡಿ ಹಿಡಿದು ಕಲ್ಲು, ಬೇರು ತೆಗೆಯಿರಿ. ಅಯಸ್ಕಾಂತವೊಂದನ್ನು ಆಡಿಸಿದರೆ ಮೊಳೆ, ತಂತಿಯ ತುಂಡು ಸಿಕ್ಕಿಬೀಳುತ್ತವೆ. ಆಮೇಲೆ ಟೆರೇಸ್ ಮೇಲೆ ತೆಳ್ಳಗೆ ಹರಡಿ, ಸ್ವಲ್ಪ ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳ ಮೇಲೆ ಕಲ್ಲು ಹೇರಿ. ಹೊಲ ಹದ ಮಾಡಲು ರೈತರು ನಾಲ್ಕರಿಂದ ಆರು ವಾರ ಬಳಸುವ ಸೌರ ವಿಧಾನವೇ ಇದು. ತೆಳುವಾದ ಪದರಕ್ಕೆ ಏಪ್ರಿಲ್-ಮೇ ತಿಂಗಳ ಹೈದರಾಬಾದ್ ಬಿಸಿಲಿನಲ್ಲಿ ಒಂದೆರಡು ವಾರ ಇಟ್ಟರೂ ಹುಳು, ಇರುವೆ, ಕಳೆ ಬೀಜಗಳ ಕಾಟ ಬಹಳ ಕಡಿಮೆಯಾಗುತ್ತದೆ. 40 ಡಿಗ್ರಿ ಬಿಸಿಲಿಗೆ ಇದೊಂದಾದರೂ ಒಳ್ಳೆಯ ಉಪಯೋಗ.

ಕೆಮ್ಮಣ್ಣಿನ ದೊಡ್ಡ ಗುಣ ಹಿಡಿತ. ಒತ್ತಿದಂತೆ ಗಟ್ಟಿಯಾಗುತ್ತದೆ, ಆಮೆ ಕೊರೆದ ತಗ್ಗು ಕುಸಿಯದೆ ನಿಲ್ಲುತ್ತದೆ, ಉಗುರು ಹದವಾಗಿ ಸವೆಯುತ್ತದೆ. ಕೊರತೆ ಎಂದರೆ ಬೇಗ ಒಣಗಿ ಧೂಳಾಗುವುದು. ಆ ಕೊರತೆಯನ್ನು ಕೋಕೋಪೀಟ್ ತುಂಬುತ್ತದೆ.

ಕೋಕೋಪೀಟ್ ತರುವಾಗ ಏನು ನೋಡಬೇಕು?: ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಪುಡಿಯೇ ಕೋಕೋಪೀಟ್. ತುಮಕೂರು, ಹಾಸನ ಕಡೆಯ ತೆಂಗಿನ ಸೀಮೆಯವರಿಗೆ ನಾರಿನ ಘಟಕಗಳ ಪಕ್ಕ ಗುಡ್ಡೆ ಬಿದ್ದಿರುವ ಈ ಪುಡಿ ಪರಿಚಿತ. ಊರಿಗೆ ಹೋದಾಗ ಕಾರಿನಲ್ಲಿ ಎರಡು ಚೀಲ ಹಾಕಿಕೊಂಡು ಬರಬಹುದಲ್ಲ ಎನ್ನಿಸಿದರೆ ತಪ್ಪಿಲ್ಲ, ಆದರೆ ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ. ಇಟ್ಟಿಗೆಯ ಹೊದಿಕೆಯ ಮೇಲೆ ತೊಳೆದದ್ದು ಅಥವಾ ಲೋ ಇಸಿ ಎಂದಿದ್ದರೆ ಉಪ್ಪು ಕಡಿಮೆ ಎಂದು ತಿಳಿಯಿರಿ. ಏನೇ ಇದ್ದರೂ ನೆನೆಸಿದ ಮೇಲೆ ಹಳೆಯ ಬಟ್ಟೆಯಲ್ಲಿ ಕಟ್ಟಿ ಎರಡು ಬಾರಿ ಸಿಹಿ ನೀರಿನಲ್ಲಿ ತೊಳೆದು ಹಿಂಡುವುದು ಒಳ್ಳೆಯದು. ಗೊಬ್ಬರ ಸೇರಿಸಿದ, ಗಿಡಕ್ಕೆ ಸಿದ್ಧ ಎಂದು ಮಾರುವ ಕೋಕೋಪೀಟ್ ಬೇಡ.

ಬರೀ ಕೋಕೋಪೀಟ್ ಹಾಸಿದರೆ ಆಗದೇ? ಹಗುರವಾಗಿರುತ್ತದೆ, ಕೆಲಸವೂ ಸುಲಭ. ಆದರೆ ಮೇಲ್ಪದರ ಒಣಗಿದಾಗ ಪುಡಿ ಹಾರಿ ಆಮೆಯ ಕಣ್ಣು ಮೂಗಿಗೆ ಹೋಗುತ್ತದೆ, ಒದ್ದೆ ಸೊಪ್ಪಿಗೆ ಅಂಟಿಕೊಂಡು ಹೊಟ್ಟೆ ಸೇರುತ್ತದೆ. ಭಾರದ ಆಮೆಗೆ ಅದರಲ್ಲಿ ನಡೆಯುವುದೆಂದರೆ ಹತ್ತಿ ಹಾಸಿಗೆಯ ಮೇಲೆ ನಡೆದಂತೆ. ಮಣ್ಣಿನೊಂದಿಗೆ ಬೆರೆತಾಗಲೇ ಅದರ ಗುಣ ಚೆನ್ನಾಗಿ ಹೊರಬರುತ್ತದೆ.

ಮರಳು, ಹೊಟ್ಟು, ಹುಲ್ಲು: ಮರಳನ್ನು ಒಂಟಿಯಾಗಿ ಹಾಸಬೇಡಿ. ಆಹಾರದ ಜೊತೆ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಕಟ್ಟಿಕೊಂಡರೆ ಪ್ರಾಣಕ್ಕೆ ಅಪಾಯ. ಮಣ್ಣಿನಲ್ಲಿ ನೀರು ನಿಲ್ಲದಂತೆ ಐದರಲ್ಲಿ ಒಂದು ಪಾಲು ಬೆರೆಸುವುದಾದರೆ ಜರಡಿ ಹಿಡಿದ, ತೊಳೆದ ನದಿ ಮರಳು ಆಗುತ್ತದೆ. ಈಗ ಕಟ್ಟಡ ಸಾಮಗ್ರಿ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಎಂ-ಸ್ಯಾಂಡ್ ಬೇಡವೇ ಬೇಡ. ಅದು ಪುಡಿ ಮಾಡಿದ ಕಲ್ಲು, ಕಣಗಳ ಅಂಚು ಚೂಪು, ಧೂಳೂ ಹೆಚ್ಚು.

ಭತ್ತದ ಹೊಟ್ಟು ಬಹುತೇಕ ಪುಕ್ಕಟೆ ಸಿಗುತ್ತದೆ, ಕೋಳಿ ಫಾರಂಗಳಲ್ಲಿ ಬಳಸುತ್ತಾರೆ. ಆಮೆಗೆ ಮಾತ್ರ ಹೊಂದುವುದಿಲ್ಲ. ಒರಟು, ಧೂಳು, ತೇವ ಹಿಡಿಯುವುದಿಲ್ಲ. ಮರದ ಹೊಟ್ಟು ಯಾವ ಮರದ್ದು ಎಂದು ಗೊತ್ತಾಗುವುದಿಲ್ಲ, ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಬೆರೆತಿರುತ್ತದೆ. ದೇವದಾರು, ಪೈನ್‌ನಂಥ ಪರಿಮಳದ ಮರದ ಸಿಪ್ಪೆಯ ಎಣ್ಣೆಯಂಶ ಉಸಿರಾಟಕ್ಕೆ ಕೆಡುಕು. ಶೇಂಗಾ ಸಿಪ್ಪೆ ಬೇಗ ಬೂಷ್ಟು ಹಿಡಿಯುತ್ತದೆ. ಒಣಹುಲ್ಲು, ಜೋಳದ ಕಣಿಕೆ ದೊಡ್ಡ ಸುಲ್ಕಾಟಾಗೆ ಮಲಗುವ ಮೂಲೆಯಲ್ಲಿ ಹಾಕಲು ಚೆನ್ನ, ಮೇಯುತ್ತದೆ ಕೂಡ. ತೇವದ ಹಾಸಿನ ಮೇಲೆ ಹರಡಿದರೆ ಅದಕ್ಕೂ ಬೂಷ್ಟು. ಹಳೆಯ ಪತ್ರಿಕೆ ಬೇಡ ಎಂದು ಸುದ್ದಿಮನೆಯವರು ಹೇಳುವುದು ವಿಚಿತ್ರ ಎನ್ನಿಸಬಹುದು, ಆದರೂ ಹೇಳಲೇಬೇಕು. ಹೊಸ ಆಮೆಯನ್ನು ಮೊದಲ ಕೆಲವು ವಾರ ಪ್ರತ್ಯೇಕವಾಗಿಟ್ಟು ಮಲ ಗಮನಿಸಲು, ಗಾಯವಾದಾಗ ಸ್ವಚ್ಛವಾಗಿಡಲು ಪತ್ರಿಕೆಯ ಹಾಳೆ ಅನುಕೂಲ. ಅಷ್ಟಕ್ಕೆ ಮಾತ್ರ.

ಹಾಸಿನ ಪಟ್ಟಿಯಲ್ಲಿ ಯಾರೂ ಸೇರಿಸದ, ಆದರೆ ಈ ಊರಿನಲ್ಲಿ ಸುಲಭವಾಗಿ ಸಿಗುವ ಒಂದು ವಸ್ತು ಇದೆ. ಅದು ತಾಂಡೂರು ಅಥವಾ ಶಹಾಬಾದ್ ಕಲ್ಲು. ನಮ್ಮ ಕಲಬುರಗಿಯ ಶಹಾಬಾದ್, ಗಡಿಯಾಚೆಯ ತಾಂಡೂರು ಎರಡೂ ಕಡೆಯ ಈ ಚಪ್ಪಟೆ ಸುಣ್ಣಕಲ್ಲು ಹೈದರಾಬಾದ್‌ನ ಹಳೆಯ ಮನೆಗಳ ನೆಲದಲ್ಲೆಲ್ಲ ಇದೆ. ಪಾಲಿಶ್ ಮಾಡದ ಒಂದೂವರೆ ಅಡಿಯ ತುಂಡೊಂದನ್ನು ಕಲ್ಲಿನ ಅಂಗಡಿಯ ಮೂಲೆಯಿಂದ ತಂದು ಗೂಡಿನಲ್ಲಿಟ್ಟು, ಸೊಪ್ಪನ್ನು ಅದರ ಮೇಲೆಯೇ ಹಾಕಿ. ಮಣ್ಣು ಹೊಟ್ಟೆಗೆ ಹೋಗುವುದು ತಪ್ಪುತ್ತದೆ, ಉಗುರು, ಕೊಕ್ಕು ಸವೆಯುತ್ತವೆ, ತೊಳೆಯುವುದೂ ಸುಲಭ. ಬಿಸಿ ದೀಪದ ಕೆಳಗೆ ಇನ್ನೊಂದು ತುಂಡು ಇಟ್ಟರೆ ಆಮೆ ಮೈ ಕಾಯಿಸಿಕೊಳ್ಳಲು ಬಂದು ಕೂರುತ್ತದೆ. ಕಲ್ಲು ಎಷ್ಟು ಕಾಯುತ್ತದೆ ಎಂದು ಮೊದಲು ನಿಮ್ಮ ಅಂಗೈ ಇಟ್ಟು ನೋಡಿ.

ಯಾವ ಆಮೆಗೆ ಯಾವ ಮಿಶ್ರಣ?: ಸುಲ್ಕಾಟಾಗೆ ಅರ್ಧ ಕೆಮ್ಮಣ್ಣು, ಅರ್ಧ ಕೋಕೋಪೀಟ್‌ನಿಂದ ಆರಂಭಿಸಿ. ಎಂಟಕ್ಕೆ ನಾಲ್ಕು ಅಡಿಯ ಗೂಡಿಗೆ ಐದು ಅಕ್ಕಿ ಚೀಲ ಮಣ್ಣು, ಐದು ಕೆಜಿಯ ಮೂರು ಇಟ್ಟಿಗೆ. ಬೆರೆಸಿದಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುವುದರಿಂದ ಮೂರನೆಯದು ಬೇಕೇ ಬೇಕು. ಆಮೆ ದೊಡ್ಡದಾದಂತೆ ಮಣ್ಣಿನ ಪಾಲು ಹೆಚ್ಚಿಸಬಹುದು. ಕೆಂಪು ಕಾಲಿನ ಆಮೆ ಕಾಡಿನ ಅಂಚಿನದು, ಅದಕ್ಕೆ ಹೆಚ್ಚು ತೇವ ಬೇಕು. ಮೂರು ಪಾಲು ಕೋಕೋಪೀಟ್, ಒಂದು ಪಾಲು ಮಣ್ಣು, ಮೇಲೆ ಒಂದು ಹಿಡಿ ದಪ್ಪದ ಒಣ ಎಲೆ. ಮಾವು, ಹಲಸು, ಬಾದಾಮಿ ಮರದ ಎಲೆ ಆದೀತು. ಔಷಧ ಸಿಂಪಡಿಸಿದ ತೋಟದ್ದು, ರಸ್ತೆ ಬದಿಯ ಕಣಗಿಲೆ ಎಲೆ ಖಂಡಿತ ಬೇಡ. ಕಣಗಿಲೆ ವಿಷ.

ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ಹಾಸನ್ನು ತಳದಿಂದ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ನಾಲ್ಕು ಮೂಲೆಗಳಲ್ಲಿ ನಿಧಾನವಾಗಿ ಸುರಿಯಿರಿ. ಅದು ತಳಕ್ಕಿಳಿದು ಹರಡುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ. ಪ್ಲೈವುಡ್ ಉಳಿಯಬೇಕೆಂದರೆ ಹಾಸಿಗೂ ಮೊದಲು ದಪ್ಪ ಟಾರ್ಪಾಲಿನ್ ಅನ್ನು ತಳಕ್ಕೆ ಹಾಕಿ, ಅಂಚನ್ನು ಗೋಡೆಗುಂಟ ಅರ್ಧ ಅಡಿ ಮೇಲಕ್ಕೆ ಮಡಚಿ ಹೊಡೆಯಬೇಕು. ಆಮೆ ಅಗೆಯುತ್ತಾ ತಳ ಮುಟ್ಟಿ ಟಾರ್ಪಾಲಿನ್ ಕಚ್ಚಿ ಹರಿಯುತ್ತಿದೆಯೇ ಎಂದು ಆಗಾಗ ನೋಡುತ್ತಿರಿ.

ಬೇಸಿಗೆ, ಮಳೆಗಾಲ, ಚಳಿ: ಏಪ್ರಿಲ್-ಮೇನಲ್ಲಿ, ಅದರಲ್ಲೂ ಎಸಿ ಓಡುವ ಮನೆಯಲ್ಲಿ, ಎರಡು ದಿನಕ್ಕೊಮ್ಮೆ ನೀರು ಬೇಕಾಗಬಹುದು. ಜೂನ್‌ನಲ್ಲಿ ಮುಂಗಾರು ಬಂದ ಮೇಲೆ ಇದೇ ಲೆಕ್ಕ ಮುಂದುವರಿಸಿದರೆ ಹಾಸಿನ ಮೇಲೆ ಬಿಳಿ ಬೂಷ್ಟು ಕಾಣುತ್ತದೆ. ಆಗ ನೀರು ನಿಲ್ಲಿಸಿ, ಬೂಷ್ಟು ಹಿಡಿದ ಭಾಗ ತೆಗೆದು ಹಾಕಿ, ಉಳಿದದ್ದನ್ನು ಕೈಯಿಂದ ಮೇಲೆ ಕೆಳಗೆ ಮಾಡಿ ಗಾಳಿ ಆಡಲು ಬಿಡಿ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಇಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ. ಟೈಲ್ಸ್ ನೆಲಕ್ಕೆ ಅಂಟಿಕೊಂಡ ಒದ್ದೆ ಹಾಸು ರಾತ್ರಿಯಿಡೀ ತಣ್ಣಗಾಗುತ್ತದೆ. ಗೂಡಿನ ಅಡಿಗೆ ಥರ್ಮೋಕೋಲ್ ಹಾಳೆ ಅಥವಾ ಮರದ ಪಟ್ಟಿ ಕೊಟ್ಟು ನೆಲದಿಂದ ಬೇರ್ಪಡಿಸಿ, ಆ ತಿಂಗಳುಗಳಲ್ಲಿ ತೇವ ಸ್ವಲ್ಪ ಕಡಿಮೆ ಮಾಡಿ.

ಚಳಿಗೆಂದು ಬಿಸಿ ದೀಪ ಹಾಕುವವರು ಅದನ್ನು ಬರೀ ವೈರಿನಿಂದ ನೇತುಹಾಕಬಾರದು, ಸರಪಳಿಯಿಂದ ಬಿಗಿಯಬೇಕು. ಒಣಹುಲ್ಲು, ಒಣ ಎಲೆ, ಒಣಗಿದ ಕೋಕೋಪೀಟ್ ಎಲ್ಲವೂ ಬೆಂಕಿ ಹತ್ತುವ ವಸ್ತುಗಳೇ. ದೀಪದ ಕೆಳಗೆ ಕಲ್ಲು ಮಾತ್ರ ಇರಲಿ.

ಸ್ವಚ್ಛತೆಯ ಕೆಲಸ ದಿನಕ್ಕೆ ಐದು ನಿಮಿಷದ್ದು. ಮಲ, ಉಳಿದ ಸೊಪ್ಪು ಕಂಡ ಕೂಡಲೇ ತೆಗೆಯಿರಿ. ಮೂತ್ರದಿಂದ ನೆನೆದ ಭಾಗವನ್ನು ವಾರಕ್ಕೊಮ್ಮೆ ಅಗೆದು ಹೊರಹಾಕಿ ಅಷ್ಟೇ ಹೊಸ ಮಿಶ್ರಣ ಸೇರಿಸಿ. ಹೀಗೆ ನೋಡಿಕೊಂಡರೆ ಇಡೀ ಹಾಸು ಬದಲಿಸುವ ಕೆಲಸ ಹಲವು ತಿಂಗಳಿಗೊಮ್ಮೆ ಬರುತ್ತದೆ, ಮೂಗಿಗೆ ಅಮೋನಿಯಾ ವಾಸನೆ ಬಡಿದರೆ ಮಾತ್ರ ಕಾಯಬೇಡಿ. ಆಮೆಗಳು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊತ್ತಿರುವುದು ಸಾಮಾನ್ಯ. ಹಾಸು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಚಿಕ್ಕ ಮಕ್ಕಳಿಗೆ ಗೂಡಿನಲ್ಲಿ ಆಡಲು ಬಿಡಬೇಡಿ. ತೆಗೆದ ಹಳೆಯ ಹಾಸನ್ನು ದಾಸವಾಳ, ಕ್ರೋಟನ್ ಕುಂಡಗಳಿಗೆ ಹಾಕಬಹುದು, ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬೇಡ.

ಗೂಡು ಎಷ್ಟು ವರ್ಷಕ್ಕೆ?: 2024ರ ಮಾರ್ಚ್‌ನಲ್ಲಿ ಹೈದರಾಬಾದ್‌ನ ನೆಹರೂ ಮೃಗಾಲಯದಲ್ಲಿ ಗಲಾಪಗೋಸ್ ದೈತ್ಯ ಆಮೆಯೊಂದು ಸತ್ತಾಗ ಅದಕ್ಕೆ ಸುಮಾರು 125 ವರ್ಷ ಎಂದು ಮೃಗಾಲಯ ತಿಳಿಸಿತ್ತು. ಮೃಗಾಲಯ ಶುರುವಾದ 1963ರಲ್ಲೇ ಅದನ್ನು ನಗರದ ಪಬ್ಲಿಕ್ ಗಾರ್ಡನ್‌ನಿಂದ ಅಲ್ಲಿಗೆ ತರಲಾಗಿತ್ತು. ಸುಲ್ಕಾಟಾ ಅಷ್ಟು ವರ್ಷ ಬದುಕುತ್ತದೆ ಎನ್ನಲಾಗದು, ಆದರೆ 50 ವರ್ಷ ದಾಟುವುದು ಅಪರೂಪವಲ್ಲ. ಇಂದು ಅಂಗೈಯಲ್ಲಿ ಕೂರುವ ಗಂಡು ಮರಿ ಮುಂದೆ 50 ಕೆಜಿ ತೂಗಬಹುದು. ಅಷ್ಟು ದೊಡ್ಡ ಪ್ರಾಣಿಗೆ ನಾಲ್ಕು ಇಂಚಿನ ಹಾಸು ಒಂದು ಬೆಳಗಿನ ಕೆಲಸ, ತಳದ ಪ್ಲೈವುಡ್ ಇನ್ನೊಂದು ಬೆಳಗಿನದು. ಎಂಟಕ್ಕೆ ನಾಲ್ಕು ಅಡಿಯ ಗೂಡು ಮರಿ ಆಮೆಯ ಮೊದಲ ಕೆಲವು ವರ್ಷಗಳಿಗೆ ಮಾತ್ರ ಸಾಕು. ಆಮೇಲೆ ಅದಕ್ಕೆ ಬೇಕಾಗುವುದು ನೆಲಮಟ್ಟದ ಅಂಗಳ, ಗಟ್ಟಿ ಕಾಂಪೌಂಡ್, ಅಡಿಗಟ್ಟಲೆ ಆಳದ ಮಣ್ಣು. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವವರು ಗೂಡಿನ ಅಳತೆ ತೆಗೆಯುವ ದಿನವೇ ಊರಿನ ಮನೆಯ ಹಿತ್ತಲಿನಲ್ಲಿ ಜಾಗ ಇದೆಯೇ ಎಂದು ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು.